ಕೊಲಂಬಿಯಾದ ಮೆಡೆಲಿನ್ ನಗರ ದೊಡ್ಡ ಲೈಬ್ರರಿಗಳನ್ನು ಬಡ ಬಡಾವಣೆಗಳಲ್ಲೇ ಯಾಕೆ ಕಟ್ಟಿತು?

ಅಲ್ಲಿನ ಬಡವರಿಗೆ ಕಲಿಯಲು ದೊಡ್ಡ ಅಡ್ಡಿ ದೂರ, ಅದಕ್ಕೇ. ಅವರ ಮನೆಗಳಿರುವುದು ಕಡಿದಾದ ಗುಡ್ಡಗಳ ಮೇಲೆ, ಕೆಲಸ, ಕಾಲೇಜುಗಳೆಲ್ಲ ಜಾಸ್ತಿ ಇರುವುದು ಕೆಳಗಿನ ಕಣಿವೆಯಲ್ಲಿ. 2004ರಲ್ಲಿ ಮೆಟ್ರೋಗೆ ಜೋಡಿಸಿದ ಕೇಬಲ್ ಕಾರ್ ಗುಡ್ಡ ಹತ್ತಿತು. ಹಿಂದೆಯೇ ‘ಲೈಬ್ರರಿ ಪಾರ್ಕ್’ಗಳು ಬಂದವು: ಪುಸ್ತಕ, ಕಂಪ್ಯೂಟರ್, ದೊಡ್ಡವರಿಗೂ ತರಗತಿ, ಸುಮ್ನೆ ಕೂರಲು ಅಂಗಳ.

ದುಡ್ಡು ಎಲ್ಲಿಂದ ಅಂತೀರಾ? ಅಲ್ಲಿನ ವಿದ್ಯುತ್, ನೀರಿನ ಕಂಪನಿ ಇಪಿಎಂ ನಗರದ್ದೇ ಸ್ವತ್ತು. ಅದರ ಲಾಭದ ಒಂದು ಪಾಲು ಪಾಲಿಕೆಗೆ ಬರುತ್ತದೆ. ನನ್ನ ಪ್ರಕಾರ ಅಸಲಿ ಗುಟ್ಟು ಇದೇ.

ಎಲ್ಲವೂ ಗೆದ್ದಿತು ಅಂತಲ್ಲ. 2007ರಲ್ಲಿ ತೆರೆದ ಎಸ್ಪಾನ್ಯಾ ಲೈಬ್ರರಿಯನ್ನು ಕಟ್ಟಡದ ದೋಷದಿಂದ ವರ್ಷಗಟ್ಟಲೆ ಮುಚ್ಚಬೇಕಾಯಿತು. ಆದರೆ ಆಮೇಲೆ ಬಿಸಿಲು ತಗ್ಗಿಸಲು ರಸ್ತೆಬದಿ ಮರಗಿಡ ಬೆಳೆಸಿದಾಗ, ಬಡ ಕುಟುಂಬದವರಿಗೇ ತೋಟಗಾರಿಕೆ ಕಲಿಸಿ ಆ ಕೆಲಸ ಕೊಟ್ಟರು.