ಗದ್ದೆ ಲೆಕ್ಕಕ್ಕೆ ಆಪ್ ಯಾಕೆ, ನೋಟ್‌ಪ್ಯಾಡ್ ಸಾಕು
ಅಣ್ಣ, ಗದ್ದೆ ಕೆಲಸ ದಿನಾ ಬರೆದಿಡೋಕೆ ಯಾವ ಆಪ್ ಒಳ್ಳೇದು ಅಂತ ಕೇಳಿದ್ರಲ್ಲ, ನನ್ನ ಕೇಳಿದ್ರೆ ಆಪೇ ಬೇಡ. ಮೂರು ವರ್ಷ ಒಂದರಲ್ಲಿ ಬರೆದೆ. ಫೋನ್ ನಾಲೆಗೆ ಬಿತ್ತು, ಹೊಸ ಫೋನಲ್ಲಿ ಪಾಸ್‌ವರ್ಡ್ ನೆನಪಾಗ್ಲಿಲ್ಲ, ಅಲ್ಲಿಗೆ ಮೂರು ವರ್ಷದ ಲೆಕ್ಕ ನೀರುಪಾಲು. ಈಗ ಮಗಳ ಹಳೇ ಲ್ಯಾಪ್‌ಟಾಪಲ್ಲಿರೋ ನೋಟ್‌ಪ್ಯಾಡೇ ನನ್ನ ದಫ್ತರ.

ಒಂದು ಉಪಾಯ ಹೇಳ್ತೀನಿ. ಹೊಸ ಫೈಲಿನ ಮೊದಲ ಸಾಲಲ್ಲಿ ಒಂದು ಚುಕ್ಕಿ ಇಟ್ಟು, ಜಾಗ ಬಿಡದೆ ಇಂಗ್ಲಿಷಿನ ಎಲ್, ಓ, ಜಿ ಮೂರನ್ನೂ ದೊಡ್ಡಕ್ಷರದಲ್ಲಿ ಹೊಡೆದು ಸೇವ್ ಮಾಡಿ. ಆಮೇಲೆ ಪ್ರತಿ ಸಲ ಆ ಫೈಲ್ ತೆರೆದಾಗ ಕೊನೇಲಿ ಆ ಹೊತ್ತಿನ ಸಮಯ, ತಾರೀಖು ತಾನೇ ಬಂದಿರುತ್ತೆ. ನಡುವೆ ಎಲ್ಲಾದ್ರೂ ಬೇಕಿದ್ರೆ ಎಫ್5 ಒತ್ತಿ.

ಹಳೇ ವಿಂಡೋಸ್ ಆದ್ರೆ ಸೇವ್ ಮಾಡುವಾಗ ಕೆಳಗಡೆ ಎನ್‌ಕೋಡಿಂಗ್ ಅಂತಿರುತ್ತೆ, ಅಲ್ಲಿ ಯುಟಿಎಫ್-8 ಆರಿಸಿ. ಇಲ್ಲಾಂದ್ರೆ ಮಾರನೇ ದಿನ ತೆರೆದ್ರೆ ಕನ್ನಡ ಹೋಗಿ ಬರೀ ಪ್ರಶ್ನೆ ಚಿಹ್ನೆ ಸಾಲಾಗಿ ನಿಂತಿರ್ತವೆ. 2019ರ ಅಪ್‌ಡೇಟ್ ಆದ ವಿಂಡೋಸ್ 10ರಿಂದೀಚೆಗೆ ಈ ತಲೆನೋವಿಲ್ಲ.

ಏನು ಬರೀಬೇಕು? ನಾನು ಬರೆಯೋದು ಹಿಂಗೆ: "ಗದ್ದೆ 2, ನಾಟಿ, ಹೆಣ್ಣಾಳು 9, ಮಧ್ಯಾಹ್ನ ಮಳೆ." "ಕಬ್ಬು, ಯೂರಿಯಾ 45 ಕೆಜಿ 1 ಚೀಲ, ಆಳು 2." ಆಗದೇ ಇದ್ದದ್ದನ್ನೂ ಬರೀರಿ. "ನಾಲೇಲಿ ನೀರು ಬರ್ಲಿಲ್ಲ" ಅನ್ನೋ ಸಾಲೇ ಮುಂದಿನ ವರ್ಷ ಒಟ್ಲು (ಭತ್ತದ ಸಸಿಮಡಿ) ಯಾವಾಗ ಬಿಡ್ಬೇಕು ಅಂತ ಯೋಚಿಸುವಾಗ ಕೈಗೆ ಬರೋದು.

ಪದ ಮಾತ್ರ ಯಾವಾಗ್ಲೂ ಒಂದೇ ಥರ ಇರ್ಲಿ. ಒಂದಿನ ಯೂರಿಯ, ಇನ್ನೊಂದಿನ ಯೂರಿಯಾ ಅಂತ ಬರೆದ್ರೆ ಹುಡುಕುವಾಗ ಅರ್ಧ ಸಾಲು ತಪ್ಪಿಹೋಗ್ತವೆ. ಅಂಕಿನೂ ಅಷ್ಟೇ, 45 ಅಂತ ಹುಡುಕಿದ್ರೆ ೪೫ ಸಿಗಲ್ಲ. ಇದು ನಂಗೆ ಗೊತ್ತಾಗಿದ್ದು ಎರಡು ಬೆಳೆ ಆದ್ಮೇಲೆ!

ಹೋದ ಸಲ ನಮ್ಮ ಕಬ್ಬಿಗೆ ಸಕ್ಕರೆ ಕಾರ್ಖಾನೆಯವರು ನಾಟಿ ತಾರೀಖು ನೋಡಿ ಕೊಡೋ ಕಟಾವಿನ ಪರ್ಮಿಟ್ ತಡವಾಯ್ತು. ವಿಚಾರಿಸಿದ್ರೆ ಕಾರ್ಖಾನೆ ಕಡೆಯಿಂದ ಹೊಲ ನೋಡ್ಕೊಳ್ಳೋ ಫೀಲ್ಡ್‌ಮನ್ ತಮ್ಮ ಪುಸ್ತಕದಲ್ಲಿ ನಾಟಿ ತಾರೀಖು ಒಂದು ತಿಂಗಳು ಮುಂದಕ್ಕೆ ಬರ್ಕೊಂಡಿದ್ರು. ಲ್ಯಾಪ್‌ಟಾಪ್ ತಗೊಂಡು ಹೋಗಿ ತೋರಿಸಿದೆ. "ಇದನ್ನ ನೀವು ನಿನ್ನೆ ರಾತ್ರಿನೂ ಬರೀಬೋದಲ್ಲ" ಅಂದ್ರು. ಮಾತು ಸರೀನೇ, ನೋಟ್‌ಪ್ಯಾಡ್ ಸಾಕ್ಷಿ ಅಲ್ಲ. ಆದ್ರೆ ಆವತ್ತಿನ ಸಾಲಲ್ಲೇ ಬಿತ್ತನೆ ಕಬ್ಬು ತಂದ ಬಿಲ್ ನಂಬರ್ ಬರೆದಿದ್ದೆ. ಅದನ್ನ ಹಿಡ್ಕೊಂಡು ಹುಡುಕಿದ್ರೆ ಟ್ರಂಕಲ್ಲಿ ಬಿಲ್ ಸಿಕ್ತು, ಅದನ್ನ ನೋಡಿ ಫೀಲ್ಡ್‌ಮನ್ ತಮ್ಮ ಪುಸ್ತಕದ ತಾರೀಖು ಸರಿ ಮಾಡಿದ್ರು. ಅದಕ್ಕೇ ಹೇಳೋದು, ದುಡ್ಡು ಕೈ ಬದಲಾದ ದಿನ ಬಿಲ್ ನಂಬರನ್ನೂ ಸೇರಿಸಿ.

ಫೈಲ್ ದೊಡ್ಡದಾಗುತ್ತೆ ಅನ್ನೋ ಭಯ ಬೇಡ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಹಿಡಿದ್ರೂ ಇಡೀ ವರ್ಷದ ಬರಹ ಒಂದು ಫೋಟೋದಷ್ಟೂ ಆಗಲ್ಲ. ವರ್ಷಕ್ಕೊಂದು ಫೈಲ್ ಮಾಡಿ, ಭಾನುವಾರ ರಾತ್ರಿ ನಿಮ್ಮ ವಾಟ್ಸಾಪಿಗೇ ನೀವು ಕಳಿಸ್ಕೊಳ್ಳಿ, ಪೆನ್‌ಡ್ರೈವಲ್ಲೂ ಒಂದಿರ್ಲಿ. ಕರೆಂಟ್ ಇಲ್ಲದ ದಿನ ನಮ್ಮನೆಯವಳು ಗೋಡೆ ಕ್ಯಾಲೆಂಡರ್ ಮೇಲೆ ಗೀಚಿಟ್ಟಿರ್ತಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಅದನ್ನ ಮಾರನೇ ದಿನ ಹತ್ತಿಸ್ಕೋತೀನಿ.