ಗಾಡಿ ಮಾತು: 70 ಸಾವಿರ ಕೊಟ್ಟರೆ ಎಷ್ಟು ಪಿಕಪ್ ಬರುತ್ತದೆ?

ಪ್ರಶ್ನೆ: ನನ್ನದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ರಜೆ ಸಿಕ್ಕಾಗೆಲ್ಲ ಗೆಳೆಯರ ಜೊತೆ ಸಕಲೇಶಪುರ, ಮೂಡಿಗೆರೆ, ಚಾರ್ಮಾಡಿ ಕಡೆ ಹೋಗುತ್ತೇನೆ. ಅವರ ಹತ್ತಿರ ಇಂಟರ್‌ಸೆಪ್ಟರ್ 650, ಡ್ಯೂಕ್ 390 ಇವೆ. ಘಾಟಿ ಹತ್ತುವಾಗ ನಾನೇ ಹಿಂದೆ. ಗ್ಯಾರೇಜಿನವರು ಫ್ರೀ ಫ್ಲೋ ಸೈಲೆನ್ಸರ್ (ಹೊಗೆಗೆ ತಡೆ ಕಡಿಮೆ ಇರುವುದು), ಏರ್ ಫಿಲ್ಟರ್, ಪಿಗ್ಗಿಬ್ಯಾಕ್ ಇಸಿಯು (ಕಂಪನಿಯ ಎಂಜಿನ್ ಕಂಪ್ಯೂಟರ್ ಜೊತೆ ಜೋಡಿಸುವ ಪುಟ್ಟ ಪೆಟ್ಟಿಗೆ), ಕ್ಯಾಮ್ (ವಾಲ್ವುಗಳನ್ನು ತೆರೆಯುವ ಭಾಗ) ಎಲ್ಲ ಸೇರಿ 70 ಸಾವಿರ ಎನ್ನುತ್ತಾರೆ. 20 ಎಚ್‌ಪಿ ಇರುವುದು 25 ಆಗುತ್ತದಂತೆ. ಇನ್ನೊಂದು 50 ಸಾವಿರ ಹಾಕಿದರೆ ಬಿಗ್ ಬೋರ್ ಕಿಟ್ (ದೊಡ್ಡ ಪಿಸ್ಟನ್, ಸಿಲಿಂಡರ್) ಕೂಡ ಕೂರಿಸುತ್ತಾರಂತೆ. ಹೊಸ 650 ತಗೊಳ್ಳೋಣ ಅಂದರೆ ಜಿಎಸ್‌ಟಿ ಬದಲಾದ ಮೇಲೆ ಬೆಲೆ ಏರಿದೆ. ಮಾಡಿಸಲಾ?
— ಒಬ್ಬ ಓದುಗರು, ಹಾಸನ

ಉತ್ತರ: ಬೇಡ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಗಾಡಿಗೆ ಕಂಪನಿ ಹೇಳುವ ಶಕ್ತಿ 6100 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎನ್ನುವ ಲೆಕ್ಕ) 20.2 ಎಚ್‌ಪಿ. ಎಳೆತ 4000ದಲ್ಲಿ 27 ನ್ಯೂಟನ್ ಮೀಟರ್. ಅಂದರೆ ಇದು ಕೆಳಗಿನ ಆರ್‌ಪಿಎಂನಲ್ಲಿ ಆರಾಮಾಗಿ ಎಳೆಯಲಿ ಅಂತಲೇ ಮಾಡಿದ ಎಂಜಿನ್. ಘಾಟಿಯಲ್ಲಿ ನೀವು ಎರಡನೇ, ಮೂರನೇ ಗೇರಿನಲ್ಲಿ ಮೂರು ಸಾವಿರದಿಂದ ನಾಲ್ಕೂವರೆ ಸಾವಿರದ ನಡುವೆ ಓಡಿಸುತ್ತಿರುತ್ತೀರಿ, ಅಲ್ವಾ? ಜೋರು ಕ್ಯಾಮ್ ಹಾಕಿದರೆ ವಾಲ್ವುಗಳು ಜಾಸ್ತಿ ಹೊತ್ತು ತೆರೆದಿರುತ್ತವೆ. ಅದರಿಂದ ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಬರುತ್ತದೆ, ಆದರೆ ಸಾಮಾನ್ಯವಾಗಿ ಕೆಳಗಿನ ಎಳೆತ ಸೊರಗುತ್ತದೆ. ನಿಮಗೆ ಎಲ್ಲಿ ಬೇಕೋ ಅಲ್ಲೇ ಕಡಿಮೆಯಾಗಿ, ಬೇಡದ ಕಡೆ ಜಾಸ್ತಿಯಾದರೆ 70 ಸಾವಿರ ಯಾಕೆ ಕೊಡಬೇಕು?

ಹೋಗಲಿ, 25 ಎಚ್‌ಪಿ ಬಂತು ಅಂತಲೇ ಇಟ್ಟುಕೊಳ್ಳೋಣ. ನನಗೆ ನಂಬಿಕೆಯಿಲ್ಲ. ಸೈಲೆನ್ಸರ್, ಫಿಲ್ಟರ್, ಇಸಿಯು ಮೂರೂ ಸೇರಿ ಇಂಥ ಎಂಜಿನ್‌ಗೆ ಒಂದೆರಡು ಎಚ್‌ಪಿ ಕೊಟ್ಟರೆ ಅದೇ ದೊಡ್ಡದು, ಉಳಿದದ್ದು ಶಬ್ದ. ಶಬ್ದ ಜಾಸ್ತಿಯಾದರೆ ವೇಗವೂ ಜಾಸ್ತಿಯಾಯಿತು ಅಂತ ಕಿವಿ ನಂಬಿಬಿಡುತ್ತದೆ. ಆದರೂ 25 ಅಂತಲೇ ಲೆಕ್ಕ ಹಾಕಿ. ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ಹಾಗಾಗಿ ಶಕ್ತಿ ನೂರಕ್ಕೆ 25 ಹೆಚ್ಚಿದರೂ ಟಾಪ್ ಸ್ಪೀಡ್ ಹೆಚ್ಚುವುದು ನೂರಕ್ಕೆ 8ರ ಒಳಗೇ. 115 ಹೋಗುತ್ತಿದ್ದ ಗಾಡಿ 123 ಹೋದೀತು. ಇಂಟರ್‌ಸೆಪ್ಟರ್‌ಗೆ ಹುಟ್ಟಿನಿಂದಲೇ 47 ಎಚ್‌ಪಿ. ನಿಮ್ಮದು 25 ಆದರೂ ಅದರ ಅರ್ಧದ ಹತ್ತಿರ ಬರುತ್ತದೆ ಅಷ್ಟೇ. ಗೆಳೆಯರು ಮುಂದೆಯೇ ಇರುತ್ತಾರೆ.

ಬಿಗ್ ಬೋರ್ ಕಿಟ್ ವಿಷಯ ಬೇರೆ. ಸಿಸಿ ಹೆಚ್ಚಿದರೆ ಎಳೆತ ನಿಜವಾಗಿಯೂ ಬರುತ್ತದೆ, ಇದರಲ್ಲಿ ಮೋಸವಿಲ್ಲ. ಆದರೆ ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ ಎಂಜಿನ್, ಜಾಸ್ತಿ ಬಿಸಿ ಎಲ್ಲಿಗೆ ಹೋಗಬೇಕು? ಕ್ಲಚ್, ಗೇರ್‌ಬಾಕ್ಸ್ ಹಳೆಯ ಲೆಕ್ಕಕ್ಕೇ ಮಾಡಿದ್ದು. ಅದಕ್ಕಿಂತ ಮುಖ್ಯ, ಆರ್‌ಸಿಯಲ್ಲಿ ಸಿಸಿ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಬದಲಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಸೈಲೆನ್ಸರ್ ಶಬ್ದಕ್ಕೆ ಬೇರೆ ಕೇಸು. ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ವಿಡಿಯೊ ನೀವೂ ನೋಡಿರುತ್ತೀರಿ. ಅಪಘಾತವಾದರೆ ಇನ್ಶೂರೆನ್ಸ್‌ನವರಿಗೆ ಕ್ಲೇಮ್ ತಳ್ಳಿಹಾಕಲು ನೀವೇ ಕಾರಣ ಕೊಟ್ಟಂತೆ.

ಇಷ್ಟಾದರೂ ಮನಸ್ಸು ಕೇಳದಿದ್ದರೆ ಗ್ಯಾರೇಜಿನವರ ಹತ್ತಿರ ಒಂದನ್ನು ಕೇಳಿ. ಅವರು ಈಗಾಗಲೇ ಮಾಡಿಕೊಟ್ಟ ಇಂಥದೇ ಗಾಡಿಯ ಡೈನೊ (ಶಕ್ತಿ ಅಳೆಯುವ ಯಂತ್ರ) ಗ್ರಾಫ್, ಕೆಲಸದ ಮೊದಲಿನದು ಮತ್ತು ಆಮೇಲಿನದು, ಒಂದೇ ಯಂತ್ರದಲ್ಲಿ ತೆಗೆದದ್ದು ಬೇಕು. ಮೊದಲಿನದು ಹಿಂದಿನ ಚಕ್ರದ ಲೆಕ್ಕ, ಆಮೇಲಿನದು ಕ್ರ್ಯಾಂಕ್ ಲೆಕ್ಕ (ಎಂಜಿನ್‌ನಲ್ಲೇ ಹುಟ್ಟುವ ಶಕ್ತಿ) ಆಗಿರಬಾರದು. ಎತ್ತರದ ಊರಿನಲ್ಲಿ ಗಾಳಿ ತೆಳು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಹಾಗಾಗಿ ಅದೇ ಗಾಡಿ ಅಲ್ಲಿ ಮಂಗಳೂರಿಗಿಂತ ಸ್ವಲ್ಪ ಮೆತ್ತಗೇ ಓಡುತ್ತದೆ. ಡೈನೊ ಇದನ್ನು ಲೆಕ್ಕದಲ್ಲಿ ಸರಿಪಡಿಸಿ ತೋರಿಸುತ್ತದೆ, ಆ ಸರಿಪಡಿಕೆ ಎರಡು ಗ್ರಾಫಿನಲ್ಲೂ ಒಂದೇ ಥರ ಇರಬೇಕು. ಆಮೇಲೆ ತುದಿಯ ಅಂಕಿ ನೋಡಬೇಡಿ, 3000ದಿಂದ 5000ದವರೆಗಿನ ಗೆರೆ ನೋಡಿ. ಗ್ರಾಫ್ ಇಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಿತು.

ಹಾಗಾದರೆ ಏನು ಮಾಡುವುದು? ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಚೈನ್, ಕ್ಲಚ್ ಕೇಬಲ್, ಟೈರ್ ಗಾಳಿ ಸರಿ ಇದೆಯಾ ನೋಡಿಸಿ. ಬ್ರೇಕ್ ಎಳೆದುಕೊಂಡೇ ಇರುವ ಗಾಡಿಗಳನ್ನು ಜನ ಪಿಕಪ್ ಇಲ್ಲ ಅಂತ ತರುತ್ತಾರೆ. ಒಳ್ಳೆ ಟೈರ್, ಒಳ್ಳೆ ಬ್ರೇಕ್ ಪ್ಯಾಡ್ ಹಾಕಿದರೆ ತಿರುವಿನಲ್ಲಿ ಧೈರ್ಯ ಬರುತ್ತದೆ, ಘಾಟಿಯಲ್ಲಿ ಹಿಂದೆ ಬೀಳುವುದು ಬಹಳ ಸಲ ಅಲ್ಲೇ. ಎಳೆತವೇ ಬೇಕೆಂದರೆ ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಒಂದು ಹಲ್ಲು ಕಡಿಮೆಯದು ಹಾಕುವುದುಂಟು. ಉದಾಹರಣೆಗೆ 15ರ ಜಾಗದಲ್ಲಿ 14 ಎಂದರೆ ಹಿಂದಿನ ಚಕ್ರದ ಎಳೆತ ನೂರಕ್ಕೆ 7 ಹೆಚ್ಚು. ಖರ್ಚು ತೀರಾ ಕಡಿಮೆ, ಬೇಡವಾದರೆ ಹಳೆಯದನ್ನೇ ಹಾಕಬಹುದು. ಹೈವೇಯಲ್ಲಿ ಎಂಜಿನ್ ಸ್ವಲ್ಪ ಜಾಸ್ತಿ ಕೂಗುತ್ತದೆ. ಆದರೆ ಇದೂ ಬದಲಾವಣೆಯೇ, ವಾರಂಟಿ ಇದ್ದರೆ ಶೋರೂಮಿನಲ್ಲಿ ಮೊದಲೇ ಕೇಳಿ.

ಇನ್ನು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ನೂರಕ್ಕೆ 18, ಅದಕ್ಕಿಂತ ಮೇಲೆ 40. ನಮ್ಮ ರಾಜ್ಯದ ರಸ್ತೆ ತೆರಿಗೆ ಬೇರೆ. ಹೊಸ 650 ದುಬಾರಿ, ನಿಜ. ಆದರೆ ಸೆಕೆಂಡ್ ಹ್ಯಾಂಡ್ ಇದೆಯಲ್ಲ! ಇಂಟರ್‌ಸೆಪ್ಟರ್ 2018ರಿಂದ ಮಾರುಕಟ್ಟೆಯಲ್ಲಿದೆ, ಸರ್ವಿಸ್ ದಾಖಲೆ ಇರುವ ಗಾಡಿ ಹುಡುಕಿದರೆ ಸಿಗುತ್ತದೆ. ನಿಮ್ಮ ಕ್ಲಾಸಿಕ್ ಈಗಿರುವ ಹಾಗೆಯೇ ಮಾರಿದರೆ ಒಳ್ಳೆ ಬೆಲೆ ಬರುತ್ತದೆ. ಅದಕ್ಕೆ ಆ 1 ಲಕ್ಷದ 20 ಸಾವಿರ ಸೇರಿಸಿ. ಬಿಚ್ಚಿ ಬದಲಿಸಿದ ಎಂಜಿನ್ ನೋಡಿದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ, ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಪ್ರಶ್ನೆ: ಅಪ್ಪನ ಯಮಹಾ ಆರ್‌ಎಕ್ಸ್ 100 ಮನೆಯಲ್ಲಿದೆ. ಪೋರ್ಟಿಂಗ್ (ಸಿಲಿಂಡರ್‌ನ ಕಿಂಡಿಗಳನ್ನು ಉಜ್ಜಿ ದೊಡ್ಡದು ಮಾಡುವುದು) ಮಾಡಿಸಿ ಎಕ್ಸ್‌ಪಾನ್ಷನ್ ಚೇಂಬರ್ (ಉಬ್ಬಿದ ಆಕಾರದ ಸೈಲೆನ್ಸರ್) ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ಹಾಕಿಸಬಹುದಾ?
— ಮೈಸೂರಿನಿಂದ

ಉತ್ತರ: ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಇದು ನಿಜವಾಗಿ ಕೆಲಸ ಮಾಡುತ್ತದೆ. ಚೇಂಬರ್‌ನ ಆಕಾರದಿಂದ ಒತ್ತಡದ ಅಲೆ ಹಿಂದಕ್ಕೆ ಬಂದು, ಹೊರಗೆ ಜಾರುವ ಹೊಸ ಪೆಟ್ರೋಲ್ ಗಾಳಿಯನ್ನು ಮತ್ತೆ ಸಿಲಿಂಡರ್ ಒಳಗೆ ತಳ್ಳುತ್ತದೆ. ಆದರೆ ಅದು ಒಂದು ಚಿಕ್ಕ ಆರ್‌ಪಿಎಂ ಪಟ್ಟಿಯಲ್ಲಿ ಮಾತ್ರ. ಪೇಟೆಯಲ್ಲಿ ಓಡಿಸುವಾಗ ಗಾಡಿ ಸತ್ತ ಹಾಗಿರುತ್ತದೆ. ಕಾರ್ಬುರೇಟರ್‌ನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಸರಿಯಾಗಿ ಬದಲಿಸದೆ ಬಿಟ್ಟರೆ ಪಿಸ್ಟನ್ ಸೀಜ್, ಅಂದರೆ ಬಿಸಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಮತ್ತೆ, ಒಮ್ಮೆ ಉಜ್ಜಿದ ಪೋರ್ಟ್ ವಾಪಸ್ ಬರುವುದಿಲ್ಲ. ಈ ಗಾಡಿಯ ತಯಾರಿಕೆ 1996ರಲ್ಲೇ ನಿಂತಿದೆ, ಕಂಪನಿಯ ಒಳ್ಳೆ ಸಿಲಿಂಡರ್‌ಗೆ ಈಗ ಜನ ಹುಡುಕಾಡುತ್ತಾರೆ.

98 ಸಿಸಿಯಲ್ಲಿ 11 ಎಚ್‌ಪಿ ಕೊಡುತ್ತಿದ್ದ ಗಾಡಿ ಅದು. ಆ 11 ಪೂರ್ತಿ ಬರುತ್ತಿದೆಯಾ ಮೊದಲು ನೋಡಿಸಿ. ರಿಂಗ್, ರೀಡ್ ವಾಲ್ವ್, ಕ್ರ್ಯಾಂಕ್ ಸೀಲ್ ಬದಲಿಸಿ, ಕಾರ್ಬುರೇಟರ್ ತೊಳೆಸಿ, ಸೈಲೆನ್ಸರ್ ಒಳಗಿನ ಕರಿ ತೆಗೆಸಿ. ಬಹಳ ಜನ ಇಲ್ಲಿಗೇ ಖುಷಿಯಾಗಿಬಿಡುತ್ತಾರೆ. ಅಪ್ಪನ ಸಿಲಿಂಡರ್ ಮಾತ್ರ ಯಾರ ಕೈಗೂ ಫೈಲ್ ಹಾಕಲು ಕೊಡಬೇಡಿ.

ಪ್ರಶ್ನೆ: 125 ಸಿಸಿ ಗಾಡಿಗೆ 100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಪಿಕಪ್ ಹೆಚ್ಚುತ್ತದಾ?
— ದಾವಣಗೆರೆಯಿಂದ

ಉತ್ತರ: ಇಲ್ಲ. ಆಕ್ಟೇನ್ ಅಂದರೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ಒತ್ತಡ ತಡೆಯುತ್ತದೆ ಎನ್ನುವ ಅಳತೆ. ನಿಮ್ಮ ಎಂಜಿನ್‌ನಲ್ಲಿ ಅಷ್ಟು ಒತ್ತಡವೇ ಇಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ್ದನ್ನೇ ಹಾಕಿಸಿ.