ನಾನು ರೆಡಿ ಇರ್ಲಿಲ್ಲ

ಓದುಗರ ಪತ್ರ

"ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಸುನಿಲ್ ಛೆಟ್ರಿ ಬಗ್ಗೆ ಎರಡು ಪುಟ ಬರೆದಿರಿ. ಹೊಗಳಿಕೆಗೆ ಬರ ಇರಲಿಲ್ಲ. ಆದರೆ 2023ರಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಅವರು ಹೊಡೆದ ಆ ಫ್ರೀಕಿಕ್ ಬಗ್ಗೆ ಒಂದು ಸಾಲೂ ಇಲ್ಲ. ನಾನೂ ಬೆಂಗಳೂರು ಎಫ್‌ಸಿ ಅಭಿಮಾನಿಯೇ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ತ್ರಿಶೂರಿನವರು, ಕೇರಳ ಬ್ಲಾಸ್ಟರ್ಸ್ ಕಡೆ. ಆ ಪಂದ್ಯದಿಂದೀಚೆಗೆ ನಾವು ಡಬ್ಬಿ ಹಂಚಿಕೊಂಡು ತಿನ್ನುವುದು ನಿಂತೇ ಹೋಗಿದೆ. ಅವರ ಮನೆಯ ಮೀನು ಫ್ರೈ ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತೆ. ಕೇಳುವುದು ಮೂರೇ. ಛೆಟ್ರಿ ಮಾಡಿದ್ದು ಸರಿಯಾ? ನಮ್ಮ ಸ್ಟ್ಯಾಂಡಿನಲ್ಲಿ ಕೇರಳದವರನ್ನು ಬೈಯುವುದಕ್ಕೆ ಒಂದು ಮಿತಿ ಬೇಡ್ವಾ? ನಲವತ್ತು ದಾಟಿದವರ ಕಾಲನ್ನೇ ನಂಬಿಕೊಂಡು ತಂಡ ಇನ್ನೆಷ್ಟು ದಿನ ಆಡೋದು, ಒಬ್ಬ ಒಳ್ಳೇ ಫಾರಿನ್ ಸ್ಟ್ರೈಕರ್ ತರಬಾರದಾ?"
ಒಬ್ಬ ಓದುಗ, ಕೆ.ಆರ್. ಪುರ

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಜಾಗ ಸಾಲಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಭಾಗ ಲೇಖನದಲ್ಲಿ ಇತ್ತು. ಕತ್ತರಿ ಹಾಕಿದವನು ನಾನೇ. ಇಪ್ಪತ್ತು ವರ್ಷದ ಆಟದ ಕತೆಯನ್ನು ಓದುಗರು ಬಿಟ್ಟು ಆ ಒಂದು ಒದೆತಕ್ಕೇ ಜಗಳ ಆಡುತ್ತಾರೆ ಅನ್ನಿಸಿತು. ಈಗ ನೋಡಿ, ಬಿಟ್ಟಿದ್ದಕ್ಕೇ ಜಗಳ ಬಂತು. ಸರಿ, ಕೂತು ಮಾತಾಡೋಣ.

2023ರ ಮಾರ್ಚ್ 3. ಕಂಠೀರವದಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ನಾಕೌಟ್. ನಾನೂ ಅಲ್ಲೇ ಇದ್ದೆ. ಕಂಠೀರವದಲ್ಲಿ ಇದ್ದೆ ಅಂದರೆ ಎಲ್ಲಾ ಕಾಣಿಸಿತು ಅಂತ ಅರ್ಥ ಅಲ್ಲ, ನಿಮಗೂ ಗೊತ್ತು. ನಮಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾಗಿ ಆರೇಳು ನಿಮಿಷಕ್ಕೆ ಬಾಕ್ಸಿನ ಹೊರಗೆ ನಮಗೆ ಫ್ರೀಕಿಕ್. ಪೆನಾಲ್ಟಿ ಶೂಟೌಟಿಗೇ ಹೋಗುತ್ತೆ ಬಿಡು ಅಂತ ಪಕ್ಕದವರು ಕಡಲೆಕಾಯಿ ಪೊಟ್ಟಣ ಬಿಚ್ಚುತ್ತಿದ್ದರು. ನಾನು ಒಂದು ಕಾಳು ಬಾಯಿಗೆ ಹಾಕಿಕೊಂಡು ತಲೆ ಎತ್ತುವಷ್ಟರಲ್ಲಿ ಚೆಂಡು ಬಲೆಯೊಳಗಿತ್ತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಜಾಗದಲ್ಲೇ ಇರಲಿಲ್ಲ. ಅವರ ತಂಡ ಇನ್ನೂ ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವ ಮಾತಿನಲ್ಲಿತ್ತು.

ಆಮೇಲೆ ಆಗಿದ್ದು ಇನ್ನೂ ವಿಚಿತ್ರ. ಅವರ ಕೋಚ್ ಇವಾನ್ ವುಕೊಮನೊವಿಚ್ ಕೈ ಬೀಸಿದರು. ಹಳದಿ ಜರ್ಸಿಗಳು ಒಂದೊಂದಾಗಿ ಹೊರಗೆ ನಡೆದವು. ಗೆದ್ದಿದ್ದೇವೋ ಇಲ್ಲವೋ ನಮಗೆ ಗೊತ್ತಿಲ್ಲ. ಕುಣಿಯಬೇಕೋ ಕೂರಬೇಕೋ ಅದೂ ಗೊತ್ತಿಲ್ಲ. ನಮ್ಮ ಆಟಗಾರರು ಮೈದಾನದಲ್ಲಿ ಚೆಂಡು ತಟ್ಟಿಕೊಂಡು ಕಾಲ ಕಳೆಯುತ್ತಿದ್ದಾರೆ. ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಎದ್ದು ಹೋದ ಮೇಲೆ ವಾಲಗದವರು ಕೂತಿರುತ್ತಾರಲ್ಲ, ಹಾಗೆ. ಸುಮಾರು ಇಪ್ಪತ್ತು ನಿಮಿಷ ಕಾದ ಮೇಲೆ ಬೆಂಗಳೂರು ಗೆದ್ದಿದೆ ಅಂತ ಘೋಷಣೆ ಆಯಿತು.

ಈಗ ನಿಮ್ಮ ಮೊದಲ ಪ್ರಶ್ನೆ. ನಿಯಮದ ಪ್ರಕಾರ ಫ್ರೀಕಿಕ್ ಹೊಡೆಯಲು ಪ್ರತಿ ಸಲ ವಿಸಲ್ ಬೇಕಾಗಿಲ್ಲ. ಎದುರಾಳಿಗಳು ಹತ್ತು ಗಜ ದೂರ ಹೋಗಲಿ ಅಂತ ಹೊಡೆಯುವವನು ಕೇಳಿದರೆ, ರೆಫ್ರಿ ಅವರನ್ನು ಹಿಂದೆ ಸರಿಸಲು ಇಳಿದರೆ, ಆಗ ವಿಸಲ್ ಆಗುವ ತನಕ ಕಾಯಬೇಕು. ನನಗೆ ದೂರ ಬೇಡ, ಹೊಡೆಯುತ್ತೇನೆ ಅಂದರೆ ಹೊಡೆಯಬಹುದು. ಪಂದ್ಯ ಮುಗಿದ ಮೇಲೆ ಛೆಟ್ರಿ ಹೇಳಿದ್ದೂ ಅದನ್ನೇ. ವಿಸಲ್ಲೂ ಬೇಡ, ಗೋಡೆಯೂ ಬೇಡ ಅಂತ ರೆಫ್ರಿ ಕ್ರಿಸ್ಟಲ್ ಜಾನ್‌ಗೆ ಹೇಳಿದ್ದೆ, ಅದು ಬ್ಲಾಸ್ಟರ್ಸ್ ಆಟಗಾರ ಏಡ್ರಿಯನ್ ಲೂನಾ ಕಿವಿಗೂ ಬಿದ್ದಿತ್ತು, ಅದಕ್ಕೇ ಅವರು ಮೊದಲ ಸಲ ಅಡ್ಡ ಬಂದರು ಅಂತ. ಬ್ಲಾಸ್ಟರ್ಸ್ ವಾದ ಬೇರೆ. ಅಷ್ಟು ಹೊತ್ತು ಕಳೆದ ಮೇಲೆ ಅದು ಅವಸರದ ಫ್ರೀಕಿಕ್ ಆಗಿ ಉಳಿದಿರಲಿಲ್ಲ, ವಿಸಲ್ ಊದಲೇಬೇಕಿತ್ತು ಅನ್ನುವುದು ಅವರ ಮಾತು. ಭಾರತದ ಫುಟ್‌ಬಾಲ್ ಫೆಡರೇಶನ್ ಅದನ್ನು ಒಪ್ಪಲಿಲ್ಲ.

ಓಣಿ ಕ್ರಿಕೆಟ್ ಆಡಿದವರಿಗೆಲ್ಲ ಈ ಜಗಳ ಗೊತ್ತು. ಬೌಲ್ಡ್ ಆದವನು ಬ್ಯಾಟ್ ಬಿಡುವುದಿಲ್ಲ. "ನಾನು ರೆಡಿ ಇರ್ಲಿಲ್ಲ" ಅಂತಾನೆ. ಬ್ಯಾಟ್ ಅವನದೇ ಆಗಿದ್ದರೆ ಬ್ಯಾಟ್ ಸಮೇತ ಮನೆಗೆ ಹೋಗುತ್ತಾನೆ. ಬ್ಲಾಸ್ಟರ್ಸ್ ಆವತ್ತು ಮಾಡಿದ್ದೂ ಅದೇ ಅಂತ ನಿಮ್ಮ ತ್ರಿಶೂರಿನ ಗೆಳೆಯರಿಗೆ ಹೇಳಬೇಡಿ. ಇರೋ ಸ್ನೇಹವೂ ಹೋದೀತು.

ಬದಲಿಗೆ ಈ ಕತೆ ಹೇಳಿ. 2007ರ ಫೆಬ್ರವರಿ, ಚಾಂಪಿಯನ್ಸ್ ಲೀಗ್. ಫ್ರಾನ್ಸಿನ ಲೀಲ್ ತಂಡಕ್ಕೂ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಪಂದ್ಯ. ಕೊನೆಗೆ ಇನ್ನೇನು ಕೆಲವೇ ನಿಮಿಷ ಇದೆ ಅನ್ನುವಾಗ ರಯಾನ್ ಗಿಗ್ಸ್ ಹೀಗೇ ಎದುರಾಳಿ ಗೋಡೆ ಕಟ್ಟುತ್ತಿರುವಾಗಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಲೀಲ್ ಆಟಗಾರರು ಕೆಂಡವಾದರು. ಮೈದಾನದ ಗೆರೆಯ ತನಕ ನಡೆದೂ ಬಿಟ್ಟರು. ಆದರೆ ತಿರುಗಿ ಬಂದು ಉಳಿದ ನಿಮಿಷ ಆಡಿದರು. ಸೋತರು, ಆಮೇಲೆ ದೂರು ಕೊಟ್ಟರು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ದೂರನ್ನು ತಳ್ಳಿಹಾಕಿತು. ಅಷ್ಟೇ. ಸಿಟ್ಟು ಅವರಿಗೂ ಇತ್ತು. ಆದರೆ ಗೆರೆ ದಾಟಲಿಲ್ಲ.

ಬ್ಲಾಸ್ಟರ್ಸ್ ದಾಟಿದರು. ಆ ಮಾರ್ಚ್ ಮುಗಿಯುವಷ್ಟರಲ್ಲಿ ಕ್ಲಬ್ಬಿಗೆ 4 ಕೋಟಿ ದಂಡ ಬಿತ್ತು. ಕೋಚ್‌ಗೆ 10 ಪಂದ್ಯ ನಿಷೇಧ, ಮೇಲೆ 5 ಲಕ್ಷ ದಂಡ. ನಮ್ಮ ಲೀಗಿನ ಲೆಕ್ಕದಲ್ಲಿ 4 ಕೋಟಿ ಅಂದರೆ ಸಣ್ಣ ದುಡ್ಡಲ್ಲ. ಹಾಗಂತ ಅವರ ಸಿಟ್ಟು ಸುಳ್ಳು ಅನ್ನಲಾರೆ. ಐಎಸ್‌ಎಲ್‌ನಲ್ಲಿ ವಿಎಆರ್ ಇಲ್ಲ, ಅಂದರೆ ವಿಡಿಯೋ ನೋಡಿ ರೆಫ್ರಿ ತೀರ್ಪು ತಿದ್ದುವ ವ್ಯವಸ್ಥೆ ಇಲ್ಲ. ರೆಫ್ರಿ ಕಣ್ಣಿಗೆ ಕಂಡಿದ್ದೇ ಸತ್ಯ. ಕೋಟಿಗಟ್ಟಲೆ ಸುರಿದು ತಂಡ ಕಟ್ಟಿ, ಮರುಪರಿಶೀಲನೆಗೆ ಒಂದು ಸ್ಕ್ರೀನ್ ಇಡದಿದ್ದರೆ ಇಂಥ ರಾತ್ರಿಗಳು ಬಂದೇ ಬರುತ್ತವೆ.

ನನ್ನ ತೀರ್ಪು ಕೇಳಿದಿರಿ. ಛೆಟ್ರಿ ಮಾಡಿದ್ದು ಸರಿ. ಆದರೆ ನಿಮ್ಮನ್ನು ಕಾಡುತ್ತಿರುವುದು ನಿಯಮ ಅಲ್ಲ ಅಂತ ನನ್ನ ಊಹೆ. ಅದೇ ಗೋಲನ್ನು ಲೂನಾ ಹೊಡೆದು, ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕಂಬ ಹಿಡಿದುಕೊಂಡು ಗೋಡೆ ಸರಿ ಮಾಡಿಸುತ್ತಾ ನಿಂತಿದ್ದರೆ ನಾವು ಏನು ಅನ್ನುತ್ತಿದ್ದೆವು? ಮೋಸ ಅನ್ನುತ್ತಿದ್ದೆವು. ನೂರಕ್ಕೆ ನೂರು. ಅದು ನಿಮಗೆ ಗೊತ್ತು, ನಿಮ್ಮ ಗೆಳೆಯರಿಗೂ ಗೊತ್ತು. ಡಬ್ಬಿ ಮುಚ್ಚಿಕೊಂಡಿರುವುದು ಅದಕ್ಕೇ.

ಎರಡನೇ ಪ್ರಶ್ನೆಗೆ ಬರೋಣ. ಈ ವೈರ ಹಳೇದಲ್ಲ. ಎರಡು ತಂಡ ಐಎಸ್‌ಎಲ್‌ನಲ್ಲಿ ಮೊದಲು ಎದುರಾಗಿದ್ದು 2017ರ ಡಿಸೆಂಬರ್ 31ರ ರಾತ್ರಿ, ಕೊಚ್ಚಿಯಲ್ಲಿ. 3-1ರಲ್ಲಿ ನಾವು ಗೆದ್ದು ಅವರ ಹೊಸ ವರ್ಷ ಕೆಡಿಸಿದೆವು. ಆದರೆ ಅದೇ ವರ್ಷದ ಮೇ ತಿಂಗಳು ನೆನಪಿಸಿಕೊಳ್ಳಿ. ಕಟಕ್‌ನಲ್ಲಿ ಫೆಡರೇಶನ್ ಕಪ್ ಫೈನಲ್. ಮೋಹನ್ ಬಾಗಾನ್ ವಿರುದ್ಧ ಎರಡೂ ಗೋಲು ಹೊಡೆದು ನಮಗೆ ಕಪ್ ತಂದುಕೊಟ್ಟವರು ಕಣ್ಣೂರಿನ ಸಿ.ಕೆ. ವಿನೀತ್. ಕೆಲವೇ ತಿಂಗಳಲ್ಲಿ ಅವರು ಬ್ಲಾಸ್ಟರ್ಸ್ ಸೇರಿದರು, ರಿನೋ ಆಂಟೊ ಕೂಡ. ಮೇ ತಿಂಗಳಲ್ಲಿ ಹೆಗಲ ಮೇಲೆ ಹೊತ್ತವರನ್ನೇ ಡಿಸೆಂಬರ್‌ನಲ್ಲಿ ಬೈದೆವು. ಬೈಯಲಿ ಬಿಡಿ, ಅದು ಆಟದ ಭಾಗ. ಬೈಸಿಕೊಳ್ಳದ ಆಟಗಾರನನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ ಅಂತಲೇ ಅರ್ಥ.

ನೀವು ಹೇಳುವ ಬೈಗುಳ ಬೇರೆ ಥರದ್ದು. ಅದನ್ನು ನಾನೂ ಕೇಳಿದ್ದೇನೆ. ಒಂದು ಪಂದ್ಯದಲ್ಲಿ ನನ್ನ ಹಿಂದಿನ ಸಾಲಿನ ಹುಡುಗನೊಬ್ಬ ಹಳದಿ ಜರ್ಸಿಗಳ ಕಡೆ ಕೈ ತೋರಿಸಿ, "ಬಾಡಿಗೆ ಮನೆ ಖಾಲಿ ಮಾಡ್ಕೊಂಡು ಊರಿಗೆ ಹೋಗ್ರೋ" ಅಂತ ಕಿರುಚಿದ. ಸುತ್ತ ನಾಲ್ಕು ಜನ ನಕ್ಕರು. ಅವನ ಪಕ್ಕ ಕೂತಿದ್ದವನ ಮೈಮೇಲೆ ನಮ್ಮದೇ ನೀಲಿ ಜರ್ಸಿ ಇತ್ತು. ಅವನು ಮಾತ್ರ ನಗಲಿಲ್ಲ. ಮೆಲ್ಲಗೆ, ಚೆನ್ನಾದ ಕನ್ನಡದಲ್ಲಿ ಕೇಳಿದ: "ನಾನೂ ಖಾಲಿ ಮಾಡ್ಬೇಕಾ?" ಪಾಲಕ್ಕಾಡಿನ ಹುಡುಗನಂತೆ, ಹುಟ್ಟಿ ಬೆಳೆದಿದ್ದು ಜಾಲಹಳ್ಳಿಯಲ್ಲಿ. ಕಿರುಚಿದವನು ತಲೆ ಕೆರೆದುಕೊಂಡ. ದ್ವಿತೀಯಾರ್ಧ ಪೂರ್ತಿ ಇಬ್ಬರೂ ಸೇರಿ ರೆಫ್ರಿಯನ್ನು ಬೈದರು.

ನನ್ನ ಗೆರೆ ಅಲ್ಲೇ ಇದೆ. ಅವರ ಡಿಫೆನ್ಸ್ ಜರಡಿ ಅನ್ನಿ. ಇಷ್ಟು ವರ್ಷವಾದರೂ ಕಪ್ ಇಡಲು ಕಪಾಟೇ ಬೇಕಾಗಿಲ್ಲವಲ್ಲ ಅಂತ ರೇಗಿಸಿ. ಅವರ ಭಾಷೆ, ಊಟ, ಬಾಡಿಗೆ ಮನೆ ಇವು ಯಾವುವೂ ಆಟಕ್ಕೆ ಇಳಿದಿಲ್ಲ. ಇನ್ನೊಂದು ಮಾತು. ಕಂಠೀರವದ ಒಂದು ಮೂಲೆ ಹಳದಿ ಆಗದ ಬ್ಲಾಸ್ಟರ್ಸ್ ಪಂದ್ಯವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಎಷ್ಟು ಸಪ್ಪೆ ಅಲ್ವಾ? ಆ ಮೂಲೆಯಲ್ಲಿ ಕೂತವರಲ್ಲಿ ಎಷ್ಟೋ ಜನ ಮಾರತಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯಿಂದ ನಮ್ಮ ಜೊತೆ ಅದೇ ಮೆಟ್ರೋ, ಅದೇ ಬಸ್ಸು ಹತ್ತಿ ಬಂದವರು.

ಮೂರನೇ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ತಗೊಳ್ಳುತ್ತೇನೆ.

ಆ ಫ್ರೀಕಿಕ್ ರಾತ್ರಿ ಛೆಟ್ರಿ ಪಂದ್ಯ ಶುರು ಮಾಡಿದ ಹನ್ನೊಂದರಲ್ಲಿ ಇರಲಿಲ್ಲ. ಬೆಂಚಿನಿಂದ ಎದ್ದು ಬಂದಿದ್ದರು. ಆಗ ಕೋಚ್ ಸೈಮನ್ ಗ್ರೇಸನ್ ಫಿಜಿಯ ರಾಯ್ ಕೃಷ್ಣ ಮತ್ತು ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್ ಅವರನ್ನು ಮುಂದೆ ಆಡಿಸುತ್ತಿದ್ದರು. ಛೆಟ್ರಿ ಕತೆ ಮುಗೀತು ಅಂತ ನಾವೆಲ್ಲ ಮೆಲ್ಲಗೆ ಮಾತಾಡಿಕೊಂಡಿದ್ದೆವು. ನಾನಂತೂ ಬರೆದೂ ಇದ್ದೆ, ಹಳೇ ಸಂಚಿಕೆ ಹುಡುಕಬೇಡಿ. ಎರಡು ಸೀಸನ್ ಕಳೆಯಿತು. 2024ರ ಡಿಸೆಂಬರ್ 7ರಂದು ಅದೇ ಬ್ಲಾಸ್ಟರ್ಸ್ ವಿರುದ್ಧ, ಅದೇ ಕಂಠೀರವದಲ್ಲಿ, 40ನೇ ವಯಸ್ಸಿನಲ್ಲಿ ಹ್ಯಾಟ್ರಿಕ್. ಪಂದ್ಯ 4-2. ಆ ಲೀಗಿನಲ್ಲಿ ಒಟ್ಟು 14 ಗೋಲು, ಭಾರತೀಯರಲ್ಲಿ ಅವರದೇ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಗೋವಾ ವಿರುದ್ಧದ ಸೆಮಿಫೈನಲ್ ಕೈಬಿಟ್ಟು ಹೋಗುತ್ತಿದ್ದಾಗ ಕೊನೇ ಗಳಿಗೆಯಲ್ಲಿ ತಲೆ ಕೊಟ್ಟು ನಮ್ಮನ್ನು ಫೈನಲ್‌ಗೆ ಎಳೆದೊಯ್ದರು. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು, ಆ ಗಾಯ ಕೆದಕೋದು ಬೇಡ.

ಇದನ್ನು ನೋಡಿ ಖುಷಿಪಡಬೇಕೋ ಹೆದರಬೇಕೋ? ನಾನು ಹೆದರುತ್ತೇನೆ. ದೇಶದ ತಂಡದ ಕತೆಯೂ ಇದೇ. 2024ರ ಜೂನ್‌ನಲ್ಲಿ ಕುವೈತ್ ಪಂದ್ಯ ಆಡಿ ಕಣ್ಣೀರು ಒರೆಸಿಕೊಂಡು ನಿವೃತ್ತಿಯಾಗಿ ಹೋದವರನ್ನು ಒಂಬತ್ತೇ ತಿಂಗಳಲ್ಲಿ ವಾಪಸ್ ಕರೆಸಿದರು. ಬಂದವರು ಮಾಲ್ಡೀವ್ಸ್ ವಿರುದ್ಧ 95ನೇ ಗೋಲು ಹೊಡೆದೇಬಿಟ್ಟರು. ನಿವೃತ್ತರಾದ ಮೇಷ್ಟ್ರನ್ನೇ ಮತ್ತೆ ಪಾಠಕ್ಕೆ ಕರೆಯುವ ಶಾಲೆಯಲ್ಲಿ ತೊಂದರೆ ಇರುವುದು ಮೇಷ್ಟ್ರದ್ದಲ್ಲ.

ಇದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಗೋಲು ಬೇಕು ಅಂದ ತಕ್ಷಣ ನಾವು ಫಾರಿನ್ ಸ್ಟ್ರೈಕರ್ ಕೇಳುತ್ತೇವೆ. ಮೈದಾನದಲ್ಲಿ ಒಂದು ಹೊತ್ತಿಗೆ ನಾಲ್ಕು ವಿದೇಶಿಯರು ಇರಬಹುದು. ಆ ನಾಲ್ಕರಲ್ಲಿ ಒಬ್ಬನನ್ನು ಬಹುತೇಕ ಎಲ್ಲಾ ಕ್ಲಬ್ಬುಗಳೂ ಮುಂದೆಯೇ ಇಡುತ್ತವೆ. ಹಾಗಾದರೆ ಹದಿನೆಂಟರ ನಮ್ಮ ಹುಡುಗ ಒಂಬತ್ತನೇ ನಂಬರಿನ, ಅಂದರೆ ಸ್ಟ್ರೈಕರ್ ಆಟ ಕಲಿಯುವುದು ಎಲ್ಲಿ? ವೆನೆಜುವೆಲಾದ ಮಿಕು ಇದ್ದಾಗ ಖುದ್ದು ಛೆಟ್ರಿಯೇ ಎಡಬದಿಗೆ ಸರಿದು ಆಡಿದರು. ಮಿಕು ಅದ್ಭುತ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೇ ಸ್ಟ್ರೈಕರ್ ಬಂದಾಗ ನಮ್ಮವರು ಬದಿಗೆ ಸರಿಯುತ್ತಾರೆ, ಅವನು ಹೋದಾಗ ಅಲ್ಲಿ ಯಾರೂ ಇರುವುದಿಲ್ಲ.

ನಿಮಗೆ ಒಂದು ದಿನಾಂಕ ನೆನಪಿಸುತ್ತೇನೆ. 2023ರ ಮಾರ್ಚ್ 4. ಫ್ರೀಕಿಕ್ ಆದ ಮರುದಿನ. ಊರೆಲ್ಲ ವಿಸಲ್ ಊದಬೇಕಿತ್ತೋ ಬೇಡವೋ ಅಂತ ಕಚ್ಚಾಡುತ್ತಿದ್ದಾಗ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ. ಅದಕ್ಕೂ ಮುಂಚೆ ನಾವು ಗೆದ್ದಾಗ ಈ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿತ್ತು. ನಮ್ಮ ಪತ್ರಿಕೆಯಲ್ಲೂ ಆ ಗೆಲುವಿಗೆ ಸಿಕ್ಕಿದ್ದು ಅರ್ಧ ಕಾಲಂ, ಫ್ರೀಕಿಕ್‌ಗೆ ಸಿಕ್ಕಿದ್ದು ಮುಖಪುಟ. ಆ ತಪ್ಪೂ ನನ್ನದೇ.

ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ನೋಡಿದ್ದೀರಾ? ಆಸ್ಟಿನ್ ಟೌನ್, ಮರ್ಫಿ ಟೌನ್ ಗಲ್ಲಿಗಳಲ್ಲಿ ಫುಟ್‌ಬಾಲ್ ಹೊಸದಾಗಿ ಬಂದ ಆಟ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಕಡೆಯವರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಆಮೇಲೆ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಹೆಸರು ಮಾಡಿದರು. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ ಕೂಡ ಇಲ್ಲಿಯವರೇ. ಆಗ ನಮ್ಮ ಹುಡುಗರು ದುಡಿಮೆಗೆ ಕಲ್ಕತ್ತದ ರೈಲು ಹತ್ತುತ್ತಿದ್ದರು. ಈಗ ಮಣಿಪುರದ ಸುರೇಶ್ ಸಿಂಗ್, ರೋಶನ್ ಸಿಂಗ್ ಇಲ್ಲಿಗೆ ಬರುತ್ತಾರೆ, ಅವರು ಬರಲಿ, ಒಳ್ಳೆಯದೇ. ಆದರೆ ಗೌತಮಪುರದಿಂದ ಕಂಠೀರವಕ್ಕೆ ಹೆಚ್ಚೆಂದರೆ ಅರ್ಧ ಗಂಟೆ ದಾರಿ. ಆ ದಾರಿಯಲ್ಲಿ ಬರುವವರು ಯಾಕೆ ಇಷ್ಟು ಕಡಿಮೆ?

ಹಾಗಾಗಿ ನನ್ನ ಪಟ್ಟಿಯಲ್ಲಿ ಫಾರಿನ್ ಸ್ಟ್ರೈಕರ್ ಇಲ್ಲ. ದುಡ್ಡಿದ್ದರೆ ಹಿಂದೆ ಗೋಲು ಕಾಯೋಕೆ ಒಬ್ಬ ಗಟ್ಟಿ ಡಿಫೆಂಡರ್, ಸೆಂಟರ್ ಬ್ಯಾಕ್ ತನ್ನಿ. ಮುಂದಿನ ಜಾಗವನ್ನು ಇಡೀ ಸೀಸನ್ ಒಬ್ಬ ಭಾರತೀಯ ಹುಡುಗನಿಗೆ ಬಿಡಿ. 2024-25ರ ಸೀಸನ್ನಿನ ಮೊದಲ ಪಂದ್ಯದಲ್ಲೇ ಹತ್ತೊಂಬತ್ತರ ವಿನೀತ್ ವೆಂಕಟೇಶ್ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದದ್ದು ನೋಡಿದಿರಲ್ಲ. ಬಿಟ್ಟುಕೊಟ್ಟರೆ ಹುಡುಗರು ಆಡುತ್ತಾರೆ. ಐದಾರು ಪಂದ್ಯ ಗೋಲೇ ಬರದೆ ಹೋಗಬಹುದು. ಆಗ ಮೊದಲು ಬೈಯುವವರು ನಾವೇ, ಅದೂ ಗೊತ್ತು. ಮೂರನೇ ಪಂದ್ಯಕ್ಕೇ ನೀವು ನನಗೆ ಇನ್ನೊಂದು ಪತ್ರ ಬರೆಯುತ್ತೀರಿ. ಬರೆಯಿರಿ, ಹಾಕುತ್ತೇನೆ.

ಇನ್ನು ಆ ಡಬ್ಬಿ ವಿಚಾರ. ಮುಂದಿನ ಬ್ಲಾಸ್ಟರ್ಸ್ ಪಂದ್ಯಕ್ಕೆ ಎರಡು ಟಿಕೆಟ್ ನೀವೇ ತಗೊಳ್ಳಿ, ಹಳದಿ ಕಡೆಯವು. ನೀಲಿ ಜರ್ಸಿ ಮನೆಯಲ್ಲೇ ಬಿಟ್ಟು, ಬಣ್ಣ ಇಲ್ಲದ ಅಂಗಿ ಹಾಕಿಕೊಂಡು ಅವರ ಪಕ್ಕ ಕೂತು ನೋಡಿ. ನಮ್ಮವರು ಗೋಲು ಹೊಡೆದರೆ ಬಾಯಿ ಬಿಗಿ ಹಿಡಿದುಕೊಳ್ಳಿ, ಕಷ್ಟ ಆಗುತ್ತೆ. ಮೀನು ಫ್ರೈ ಅಂತೂ ಮರುದಿನ ಬರುತ್ತೆ ಅಂತ ನನಗೆ ನಂಬಿಕೆ. ಬಂದರೆ ನನ್ನ ಪಾಲು ಎರಡು ಪೀಸು.